ಮನೆಯ ಮಗ್ಗುಲ ಮರ: ನೆರೆಹೊರೆಯ ವ್ಯಾಜ್ಯ ಮತ್ತು ಅದರ ಪರಿಹಾರ

ಮನೆಯ ಮುಂದೊಂದು ಬೇವಿನ ಮರವಿರಬೇಕೆಂಬುದು ನಮ್ಮ ಸೀಮೆಯ ಒಕ್ಕಲಿಗನ ಹಿರಿದಾದ ಆಸೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬೇಸಿಗೆಯ ಬಿಸಿಲು ೪೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಸಾಮಾನ್ಯ. ಅಂತಹ ದಿನಗಳಲ್ಲಿ ಮುದುಕರಿಗೂ, ತೊಟ್ಟಿಲ ಕೂಸಿಗೂ, ಕಟ್ಟಿದ ದನಕರುಗಳಿಗೂ ಮರದ ನೆರಳೇ ಆಸರೆ. ಆದರೆ ಒಂದು ಮನೆಗೆ ನೆರಳಾದ ಮರವೇ ಪಕ್ಕದ ಮನೆಗೆ ತೊಡಕಾಗುವುದುಂಟು. ಗೇಣುದ್ದದ ಸಸಿಯನ್ನು ಗೋಡೆಯ ಮಗ್ಗುಲಿಗೆ ನೆಟ್ಟಾಗ ಯಾರೂ ಮಾತನಾಡುವುದಿಲ್ಲ. ಇಪ್ಪತ್ತು ವರುಷಗಳ ತರುವಾಯ ಅದು ಮಾಳಿಗೆಯನ್ನು ಮೀರಿ ಬೆಳೆದಾಗ ಎರಡು ಮನೆಗಳ ಮಾತುಕತೆ ನಿಲ್ಲುತ್ತದೆ. ಈ ವ್ಯಾಜ್ಯದ ಮೂಲವೇನು, ಶಾಸ್ತ್ರವೂ ಕಾಯಿದೆಯೂ ಇದನ್ನು ಹೇಗೆ ಕಂಡಿವೆ, ಇದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

೧. ದೂರುಗಳ ಸ್ವರೂಪ

ಇಂತಹ ದೂರುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕೊಂಬೆಯ ದೂರು. ನೆರೆಯವನ ಮಾಳಿಗೆಯ ಮೇಲೆ ಎಲೆ ಉದುರಿ, ಮಳೆನೀರು ಹೊರಹೋಗುವ ದೋಣಿ ಕಟ್ಟಿಕೊಳ್ಳುತ್ತದೆ. ಮಣ್ಣಿನ ಮಾಳಿಗೆಯ ಮೇಲೆ ನೀರು ನಿಂತರೆ ಸೋರಿಕೆ ತಪ್ಪದು. ಎರಡನೆಯದು ಬೇರಿನ ದೂರು. ಮೂರನೆಯದು ಮರ ಉರುಳೀತೆಂಬ ಭಯ. ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಗೆ ಟೊಳ್ಳುಬಿದ್ದ ಮರವು ಬಿದ್ದರೆ ಪ್ರಾಣಹಾನಿಯೂ ಆಗಬಹುದು.

ಬೇರಿನ ದೂರನ್ನು ನಮ್ಮ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕು. ನಮ್ಮದು ಬಹುಮಟ್ಟಿಗೆ ಎರೆಭೂಮಿ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ದೊಡ್ಡ ಮರವು ತನ್ನ ಸುತ್ತಲಿನ ತೇವವನ್ನು ಹೀರುವುದರಿಂದ ಅದರ ಮಗ್ಗುಲ ಮಣ್ಣು ಉಳಿದೆಡೆಗಿಂತ ಹೆಚ್ಚು ಕುಗ್ಗುತ್ತದೆ. ಆ ಬದಿಯ ಬುನಾದಿ ಇಳಿದು ಗೋಡೆ ಓರೆಯಾಗಿ ಸೀಳುತ್ತದೆ. ಬೇರು ಕಲ್ಲನ್ನು ತೂರಿತೆಂದು ಜನ ಭಾವಿಸುತ್ತಾರೆ. ಅನೇಕ ಸಂದರ್ಭಗಳಲ್ಲಿ ಕೆಡುಕು ನಡೆಯುವುದು ಬುನಾದಿಯ ಕೆಳಗಿನ ಮಣ್ಣು ಒಣಗುವುದರಿಂದ. ಇನ್ನೊಂದು ಸೂಕ್ಷ್ಮವೂ ಇದೆ. ಹಳೆಯ ಹೆಮ್ಮರವನ್ನು ಒಮ್ಮೆಲೇ ಕಡಿದರೆ, ಒಣಗಿದ್ದ ಮಣ್ಣು ಮತ್ತೆ ತೇವ ಹಿಡಿದು ಉಬ್ಬಿ, ಗೋಡೆಯನ್ನು ಮೇಲಕ್ಕೆತ್ತಿ ಹೊಸ ಬಿರುಕುಗಳನ್ನು ತರಬಲ್ಲದು. ಆದುದರಿಂದ ಕೊಡಲಿಯೇ ಎಲ್ಲಕ್ಕೂ ಮದ್ದೆಂದು ತಿಳಿಯಲಾಗದು.

೨. ಪ್ರಾಚೀನರ ವಿಚಾರ

ಮರ ಮತ್ತು ಮೇರೆಯ ಜಗಳ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ನಮ್ಮ ಜಿಲ್ಲೆಯ ಮರತೂರು ಆತನ ಊರೆಂದು ಪ್ರತೀತಿಯಿದೆ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸೀಮಾವಿವಾದಕ್ಕೆಂದೇ ಒಂದು ಪ್ರಕರಣವುಂಟು. ಮೇರೆಯನ್ನು ಗೊತ್ತುಪಡಿಸುವ ಗುರುತುಗಳಲ್ಲಿ ದಿಬ್ಬ, ಒಡ್ಡು, ಹುತ್ತ, ನೆಲದಲ್ಲಿ ಹೂತ ಇದ್ದಿಲು, ಹೊಟ್ಟು, ಎಲುಬು ಮುಂತಾದವುಗಳೊಡನೆ ಮರವನ್ನೂ ಅಲ್ಲಿ ಎಣಿಸಲಾಗಿದೆ. ಇದ್ದಿಲು ಕೊಳೆಯದು, ಹೆಮ್ಮರ ಸುಲಭವಾಗಿ ಸ್ಥಳ ಬದಲಿಸದು. ಎರಡು ಹೊಲಗಳ ಮೇರೆಯ ಮೇಲೆಯೇ ಬೆಳೆದ ಮರದ ಹೂವು ಹಣ್ಣುಗಳು ಇಬ್ಬರು ಒಡೆಯರಿಗೂ ಸಮಾನವೆಂದು ಸ್ಮೃತಿಕಾರರು ವಿಧಿಸಿದ್ದಾರೆ. ಹೀಗೆ ಮರವು ಮೇರೆಗೆ ಸಾಕ್ಷಿಯಾಗಿಯೂ, ಹಂಚಿ ತಿನ್ನುವ ಸೊತ್ತಾಗಿಯೂ ಅವರಿಗೆ ತೋರಿತು.

ಇಂದಿನ ಜಗಳಗಳಿಗೂ ಅನೇಕ ವೇಳೆ ಮೇರೆ ತಿಳಿಯದಿರುವುದೇ ಮೂಲ. ಹೊಲಗಳಿಗೆ ಸರ್ವೆ ನಂಬರು, ಬಾಂದುಕಲ್ಲುಗಳಿವೆ. ಗಾವಠಾಣದೊಳಗಿನ ಮನೆಗಳಿಗೆ ಅಂತಹ ಅಳತೆ ಬಹುಕಾಲ ಇರಲಿಲ್ಲ. ೨೦೨೦ರ ಏಪ್ರಿಲ್ ೨೪ರಂದು ಕೇಂದ್ರ ಸರ್ಕಾರವು ಆರಂಭಿಸಿದ ‘ಸ್ವಾಮಿತ್ವ’ ಯೋಜನೆಯಲ್ಲಿ ಡ್ರೋನ್ ಮೂಲಕ ಹಳ್ಳಿಯ ಮನೆ ಜಾಗಗಳನ್ನು ಅಳೆದು ಆಸ್ತಿ ಪತ್ರ ಕೊಡುವ ಏರ್ಪಾಡಿದೆ. ಮರ ಯಾರದೆಂದು ವಾದಿಸುವ ಮೊದಲು, ಬುಡ ಯಾರ ನೆಲದಲ್ಲಿದೆ ಎಂಬುದನ್ನು ಇಬ್ಬರೂ ಕಾಗದದಲ್ಲಿ ನೋಡಿಕೊಳ್ಳುವುದು ವಿವೇಕ.

೩. ಕಾಯಿದೆಯ ಮಾತು

ಬುಡ ಯಾರ ನೆಲದಲ್ಲಿದೆಯೋ ಮರ ಅವರದು. ಇದು ಸಾಮಾನ್ಯ ನಿಯಮ. ಕೊಂಬೆ ಪರರ ನೆಲದ ಮೇಲೆ ಚಾಚಿದರೇನು? ಇಂಗ್ಲೆಂಡಿನ ಪ್ರಭುಸಭೆಯ ಮುಂದೆ ಬಂದು, ೧೮೯೫ರ ವರದಿಗಳಲ್ಲಿ ಅಚ್ಚಾದ ಲೆಮ್ಮನ್–ವೆಬ್ ಮೊಕದ್ದಮೆ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ತನ್ನ ನೆಲದ ಮೇಲೆ ಚಾಚಿದ ಕೊಂಬೆಯನ್ನು, ನೆರೆಯವನ ನೆಲಕ್ಕೆ ಕಾಲಿಡದೆ, ಮೇರೆಯವರೆಗೆ ಮಾತ್ರ ಕತ್ತರಿಸಬಹುದೆಂದು ಅಲ್ಲಿ ತೀರ್ಪಾಯಿತು. ಎಷ್ಟು ವರುಷ ಚಾಚಿಕೊಂಡಿದ್ದರೂ ಚಾಚುವ ಹಕ್ಕು ಮರದ ಒಡೆಯನಿಗೆ ಬರುವುದಿಲ್ಲವೆಂಬುದೂ ಅದರ ಸಾರ. ೧೯೧೯ರ ಮಿಲ್ಸ್–ಬ್ರೂಕರ್ ಮೊಕದ್ದಮೆಯಲ್ಲಿ, ಚಾಚಿದ ಕೊಂಬೆಯ ಸೇಬುಗಳನ್ನು ಕಿತ್ತು ಮಾರಿದವನು ಅವುಗಳ ಬೆಲೆ ತೆರಬೇಕಾಯಿತು. ಅಂದರೆ ತೊಡಕನ್ನು ನಿವಾರಿಸುವ ಹಕ್ಕುಂಟು. ಹಣ್ಣನ್ನೂ ಕಟ್ಟಿಗೆಯನ್ನೂ ತನ್ನದಾಗಿಸಿಕೊಳ್ಳುವ ಹಕ್ಕಿಲ್ಲ.

ಆದರೆ ನಮ್ಮ ರಾಜ್ಯದಲ್ಲಿ ಇದಕ್ಕೊಂದು ಕಟ್ಟಳೆ ಸೇರಿದೆ. ಅದು ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ. ಅದರ ಪ್ರಕಾರ ತನ್ನದೇ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯುವುದೆಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ. ರೆಂಬೆ ಸವರುವುದು, ಸುತ್ತಲೂ ತೊಗಟೆ ಸುಲಿಯುವುದು, ಔಷಧ ಹಾಕಿ ಒಣಗಿಸುವುದು ಸಹ ಅದರ ಅರ್ಥದಲ್ಲಿ ಅಡಕವಾಗಿವೆ. ಕೆಲವು ಜಾತಿಯ ಮರಗಳಿಗೆ ವಿನಾಯಿತಿಯುಂಟು. ಆ ಪಟ್ಟಿ ತಿದ್ದುಪಡಿಯಾಗುತ್ತ ಬಂದಿರುವುದರಿಂದ ಅರಣ್ಯ ಇಲಾಖೆಯ ಕಛೇರಿಯಲ್ಲಿ ವಿಚಾರಿಸುವುದು ಕ್ಷೇಮ. ಒಣಗಿದ, ರೋಗ ಹಿಡಿದ, ಗಾಳಿಗೆ ಬಿದ್ದ, ಪ್ರಾಣಕ್ಕೋ ಸೊತ್ತಿಗೋ ಅಪಾಯವೊಡ್ಡುವ ಮರಕ್ಕೆ ಅನುಮತಿಯನ್ನು ನಿರಾಕರಿಸಬಾರದೆಂದೂ ಕಾಯಿದೆಯೇ ಹೇಳುತ್ತದೆ. ಹೀಗಿರುವಲ್ಲಿ ರಾತ್ರೋರಾತ್ರಿ ನೆರೆಯವನ ಮರದ ಬುಡಕ್ಕೆ ವಿಷ ಸುರಿಯುವವನು ಎರಡು ಬಗೆಯಲ್ಲಿ ತಪ್ಪಿತಸ್ಥನಾಗುತ್ತಾನೆ: ಪರರ ಸೊತ್ತಿಗೆ ಕೇಡು ಮಾಡಿದವನೂ ಅವನೇ, ವೃಕ್ಷ ಕಾಯಿದೆಯನ್ನು ಮೀರಿದವನೂ ಅವನೇ.

ಮರವು ಬೀಳುವಂತಿದ್ದು, ಅದರಿಂದ ನೆರೆಯವರಿಗೋ ದಾರಿಹೋಕರಿಗೋ ಅಪಾಯವಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಕೊಡಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ೧೩೩ನೆಯ ಕಲಮು ಈ ಅಧಿಕಾರವನ್ನು ಕೊಟ್ಟಿತ್ತು. ೨೦೨೪ರ ಜುಲೈ ೧ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ೧೫೨ನೆಯ ಕಲಮಾಗಿದೆ. ಮರವನ್ನು ತೆಗೆಯುವಂತೆಯೋ, ಅದಕ್ಕೆ ಆಧಾರ ಕೊಡುವಂತೆಯೋ ಒಡೆಯನಿಗೆ ಆಜ್ಞೆ ಮಾಡಲು ಅಲ್ಲಿ ಅವಕಾಶವಿದೆ.

೪. ರಾಜಿಯ ದಾರಿ

ದಾವೆಯಲ್ಲಿ ಗೆದ್ದವನೂ ಮರುದಿನ ಅದೇ ಓಣಿಯಲ್ಲಿ ನಡೆಯಬೇಕು. ಒಬ್ಬನ ಮನೆಯ ಮದುವೆಗೆ, ಮಣ್ಣಿಗೆ ಇನ್ನೊಬ್ಬನು ಬರಲೇಬೇಕಾದ ಬಾಳು ಹಳ್ಳಿಯದು. ಆದುದರಿಂದ ಮೊದಲು ಮಾತು, ಆಮೇಲೆ ಹಿರಿಯರ ಸಮಕ್ಷಮ ಬರೆಹ, ಅದೂ ಸಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ, ಲೋಕ ಅದಾಲತ್ತು; ಈ ಕ್ರಮ ಲೇಸು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ; ಅದರ ಮೇಲೆ ಅಪೀಲಿಲ್ಲ. ರಾಜಿಯಲ್ಲಿ ಬರೆಯಬೇಕಾದ ಸಂಗತಿಗಳು ಮೂರು: ಯಾವ ಕೊಂಬೆಯನ್ನು ಯಾವ ತಿಂಗಳಲ್ಲಿ ಸವರಬೇಕು, ಅದರ ಕೂಲಿ ಯಾರದು, ಕಟ್ಟಿಗೆ ಮತ್ತು ಫಲ ಯಾರಿಗೆ. ಈ ಮೂರನ್ನು ಬಿಟ್ಟ ರಾಜಿ ಮುಂದಿನ ಮಳೆಗಾಲದವರೆಗೂ ಬಾಳುವುದು ಕಷ್ಟ.

೫. ನೆಡುವಾಗಿನ ವಿವೇಕ

ಮೇಲೆ ಹೇಳಿದ ಪರಿಹಾರಗಳೆಲ್ಲ ಮರ ಬೆಳೆದ ಮೇಲಿನವು. ಅವುಗಳಲ್ಲಿ ಮರವಾದರೂ ನಷ್ಟವಾಗುತ್ತದೆ, ಇಲ್ಲವೇ ಸ್ನೇಹವಾದರೂ ನಷ್ಟವಾಗುತ್ತದೆ. ಎರಡನ್ನೂ ಉಳಿಸುವ ಉಪಾಯ ಗುಂಡಿ ತೋಡುವ ದಿನ ಮಾತ್ರ ನಮ್ಮ ಕೈಯಲ್ಲಿರುತ್ತದೆ. ಉಬ್ಬಿ ಕುಗ್ಗುವ ಮಣ್ಣಿನಲ್ಲಿ, ಮರವು ಬಲಿತಾಗ ಎಷ್ಟು ಎತ್ತರವಾಗುವುದೋ ಸುಮಾರು ಅಷ್ಟು ದೂರವನ್ನು ಗೋಡೆಯಿಂದ ಬಿಡುವುದು ಕ್ಷೇಮಕರವಾದ ಅಂದಾಜು. ಬೇವು ಸಾಮಾನ್ಯವಾಗಿ ೧೫ರಿಂದ ೨೦ ಮೀಟರು ಬೆಳೆಯುತ್ತದೆ. ಅಷ್ಟು ಅಂತರ ಊರೊಳಗಿನ ಹಿತ್ತಲುಗಳಲ್ಲಿ ದೊರೆಯುವುದು ವಿರಳ. ಆದ್ದರಿಂದ ಹಿತ್ತಲಲ್ಲಿ ಕರಿಬೇವು, ನಿಂಬೆ, ದಾಳಿಂಬೆ, ಪೇರಲದಂತಹ ಸಣ್ಣ ಗಿಡಗಳನ್ನು ನೆಟ್ಟು, ಬೇವು, ಹುಣಸೆ, ಆಲ, ಅರಳಿಗಳಿಗೆ ಶಾಲೆಯ ಬಯಲು, ಕೆರೆಯ ದಂಡೆ, ಗೋಮಾಳದ ಅಂಚುಗಳನ್ನು ಮೀಸಲಿಡಬೇಕು. ನುಗ್ಗೆಯ ಕೊಂಬೆ ಬೇಗ ಮುರಿಯುವುದರಿಂದ ಅದನ್ನು ಮಾಳಿಗೆಗೆ ತಾಗಿ ಬೆಳೆಸಬಾರದು. ಹಕ್ಕಿಗಳು ತಂದ ಅರಳಿಯ ಬೀಜ ಮಣ್ಣುಗಾರೆಯ ಗೋಡೆಯ ಸಂದಿನಲ್ಲಿ ಮೊಳೆತರೆ ಎರಡೆಲೆಯಿರುವಾಗಲೇ ಬೇರುಸಹಿತ ಕೀಳಬೇಕು.

ವಿದ್ಯಾರ್ಥಿಗಳು ವನಮಹೋತ್ಸವದಲ್ಲಿ ಮನೆಗೊಂದು ಸಸಿಯನ್ನು ಒಯ್ಯುತ್ತಾರೆ. ಒಯ್ದ ಸಸಿಯನ್ನು ನೆಡುವ ಮೊದಲು ಪಕ್ಕದ ಮನೆಯ ಹಿರಿಯರನ್ನು ಕರೆದು ಜಾಗ ತೋರಿಸಲಿ. ಬಲಿತಾಗ ಅದರ ನೆರಳು ಎಲ್ಲಿಯವರೆಗೆ ಬೀಳುವುದೆಂದು ಹೆಜ್ಜೆ ಹಾಕಿ ಅಳೆದು ಹೇಳಲಿ. ಇದಕ್ಕೆ ಬೇಕಾಗುವುದು ಅರ್ಧ ಗಳಿಗೆ. ಆ ಅರ್ಧ ಗಳಿಗೆಯನ್ನು ಉಳಿಸಿಕೊಂಡವರು ಮುಂದೆ ವರ್ಷಗಟ್ಟಲೆ ನ್ಯಾಯಾಲಯದ ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕಾದೀತು.