ಉಳಿದ ದುಡ್ಡಿನ ಹೆಲ್ಮೆಟ್ಟು

ನನ್ನ ನಾಲ್ಕು ಚಕ್ರದ ಎಟಿವಿಯ ಮುಂದೆ ಒಂದು ಎಲ್‌ಇಡಿ ಬಾರ್ ಇದೆ. ಆರೂವರೆ ಸಾವಿರ ಕೊಟ್ಟು ಹಾಕಿಸಿದ್ದು. ಕತ್ತಲಾದ ಮೇಲೆ ತೋಟದೊಳಗೆ ಗಾಡಿ ಇಳಿಸಿದ್ದು ಇದುವರೆಗೆ ಎರಡು ಸಲ. ಅದೇ ಗಾಡಿಯ ಮೇಲೆ ಕೂರುವ ನನ್ನ ತಲೆ, ಎದೆ, ಮೊಣಕೈ, ಮೊಣಕಾಲು, ಅಂಗೈ ಎಲ್ಲಕ್ಕೂ ಸೇರಿಸಿ ನಾನು ಕೊಟ್ಟದ್ದು 3,900 ರೂಪಾಯಿ. ಹಣಕಾಸಿನ ಅಂಕಣ ಬರೆಯುವವನ ಬುದ್ಧಿ ಇದು. ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

2024ರ ಮಾರ್ಚ್. ರೋಬಸ್ಟಾ ಕಾಫಿಯ ದರ ಏರುತ್ತಲೇ ಇತ್ತು. ಮೂಡಿಗೆರೆ ಸುತ್ತಮುತ್ತ ಯಾರ ಮನೆಗೆ ಹೋದರೂ ಹೊಸ ಗಾಡಿಯದೇ ಮಾತು. ನಮ್ಮ ತೋಟದ ಅರ್ಧ ಭಾಗ ಇಳಿಜಾರು, ಅಲ್ಲಿಗೆ ಜೀಪು ಹೋಗುವುದಿಲ್ಲ. ಸ್ಪ್ರಿಂಕ್ಲರ್ ಪೈಪು, ಗೊಬ್ಬರ, ಹಣ್ಣಿನ ಮೂಟೆ ಎಲ್ಲವನ್ನೂ ಹೊತ್ತೇ ಸಾಗಿಸಬೇಕು, ಹೊರುವವರು ಸಿಗುವುದಿಲ್ಲ. ಆಗ ಒಂದು ರೆಸಾರ್ಟಿನವರು ಹಳೆಯ ಎಟಿವಿ ಮಾರುತ್ತಿದ್ದಾರೆಂದು ಸುದ್ದಿ ಬಂತು. ಅವರು 3.75 ಲಕ್ಷ ಅಂದರು, ಎರಡು ದಿನ ಚೌಕಾಸಿ ಮಾಡಿ 3.4ಕ್ಕೆ ಇಳಿಸಿದೆ. ಮೂವತ್ತೈದು ಸಾವಿರ ಉಳಿಸಿದ ಹುಮ್ಮಸ್ಸಿನಲ್ಲೇ ವಿಂಚ್ 24,000, ಮುಂದಿನ ಗಾರ್ಡ್ 9,500, ಹಿಂದಿನ ಪೆಟ್ಟಿಗೆ 12,000, ಜೊತೆಗೆ ಆ ಎಲ್‌ಇಡಿ. ಒಟ್ಟು 52,000. ವಿಂಚ್ ಒಂದೇ ಒಂದು ಸಲ ಕೆಲಸಕ್ಕೆ ಬಂದಿದೆ, ಪಕ್ಕದ ತೋಟದವರ ಪಿಕಪ್ ಕೆಸರಿನಿಂದ ಎಳೆಯಲು.

ಇಷ್ಟಾದ ಮೇಲೆ "ಏನ್ರೀ, ತಲೆಗೆ?" ಅಂತ ಮನೆಯವಳು ಕೇಳಿದಳು. ಆ ರಾತ್ರಿಯೇ ಮೊಬೈಲಿನಲ್ಲಿ ಹುಡುಕಿ 'ಸೆವೆನ್ ಇನ್ ಒನ್ ರೈಡಿಂಗ್ ಕಿಟ್' ತರಿಸಿದೆ. ಸಾವಿರಾರು ಜನ ನಕ್ಷತ್ರ ಕೊಟ್ಟಿದ್ದರು. ಅವರಲ್ಲಿ ಎಷ್ಟು ಜನ ಅದನ್ನು ಹಾಕಿಕೊಂಡು ಬಿದ್ದಿದ್ದರು ಎಂದು ನಾನು ಯೋಚಿಸಲಿಲ್ಲ.

ನಾನು ಬಿದ್ದದ್ದು 2025ರ ಜನವರಿಯಲ್ಲಿ, ಕೊಯ್ಲಿನ ಭರದಲ್ಲಿ. ಹಿಂದಿನ ರ‍್ಯಾಕಿನ ಮೇಲೆ ಎರಡು ಮೂಟೆ ಹಣ್ಣು, ಕೆರೆ ಕಡೆಯ ಇಳಿಜಾರು, ವೇಗ ಹದಿನೈದು ಕಿಲೋಮೀಟರ್ ಕೂಡ ಇರಲಿಲ್ಲ. ತರಗೆಲೆಯಡಿ ಅಡಗಿದ್ದ ಸಿಲ್ವರ್ ಮರದ ಬುಡ್ಡೆಯ ಮೇಲೆ ಹಿಂದಿನ ಎಡಚಕ್ರ ಹತ್ತಿ ಪುಟಿಯಿತು. ಪುಟಿಯಲು ಕಾರಣವೂ ನಾನೇ. ಎಟಿವಿ ಟಯರಿಗೆ ಬೇಕಾದ ಗಾಳಿ ಸುಮಾರು 5 ಪಿಎಸ್‌ಐ. ನಮ್ಮೂರ ಪಂಕ್ಚರ್ ಅಂಗಡಿಯ ಹುಡುಗ ಸ್ಕೂಟರಿಗೆ ಹಾಕುವಂತೆ 20 ತುಂಬಿದ್ದ, ನಾನು ಪಕ್ಕದಲ್ಲಿ ನಿಂತು ಯುಪಿಐ ಮಾಡುತ್ತಿದ್ದೆ. ಗಾಡಿ ಬಲಕ್ಕೆ ಮಗುಚಿತು. ನಾನು ಅಂಗೈ ಊರಿ ಬಿದ್ದೆ, ಪಾದದ ಮೇಲೆ ಗಾಡಿ ಬಂತು. ಒಂದು ರೋಬಸ್ಟಾ ಗಿಡ ಅಡ್ಡ ನಿಂತಿದ್ದರಿಂದ ಅಲ್ಲಿಗೇ ನಿಂತಿತು.

ಮಣಿಕಟ್ಟು ಮುರಿದಿತ್ತು, ಕಾಲಿನ ಹರಡು ಸೀಳಿತ್ತು. ಮೊಣಕೈಯಲ್ಲಿರಬೇಕಾದ ಗಾರ್ಡ್ ಜಾರಿ ಮಣಿಕಟ್ಟಿಗೆ ಬಂದು ಬಳೆಯಂತೆ ಕೂತಿತ್ತು. ಹೆಲ್ಮೆಟ್ಟಿನ ಬಕಲ್ ಬಿಚ್ಚಿಕೊಂಡು ಅದು ಆರಡಿ ದೂರ ಹೋಗಿ ಬಿದ್ದಿತ್ತು. ಪುಣ್ಯಕ್ಕೆ ತಲೆ ಎಲ್ಲಿಗೂ ಬಡಿಯಲಿಲ್ಲ.

ಈ ಕಾಂಬೋ ಕಿಟ್‌ಗಳ ಬಗ್ಗೆ ಇನ್ನು ನನಗೆ ತಾಳ್ಮೆಯಿಲ್ಲ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಅದರ ಹಿಂದೆ ಪಾತ್ರೆ ತಿಕ್ಕುವಂಥ ಸ್ಪಂಜು, ಎರಡು ವೆಲ್ಕ್ರೋ ಪಟ್ಟಿ. ಮೇಲೆ 'ಸಿಇ' ಅಂತ ಯುರೋಪಿನ ಗುರುತಿನ ಅಚ್ಚು. ಯಾವ ಮಾನದಂಡದ ಸಿಇ? ಕೈಕಾಲಿನ ಗಾರ್ಡಿಗೆ ಇಎನ್ 1621-1, ಬೆನ್ನಿಗೆ 1621-2, ಎದೆಗೆ 1621-3, ಪಕ್ಕದಲ್ಲಿ ಲೆವೆಲ್ 1 ಅಥವಾ 2 ಎಂದು ಬರೆದಿರಬೇಕು. ಸಂಖ್ಯೆಯಿಲ್ಲದ ಸಿಇ ಎಂದರೆ ಬರೀ ಎರಡು ಅಕ್ಷರ. ಹೆಲ್ಮೆಟ್ಟಿಗೂ ಐಎಸ್‌ಐ ಗುರುತಿತ್ತು. ಆಸ್ಪತ್ರೆಯ ಮಂಚದಲ್ಲಿ ಬೇರೆ ಕೆಲಸವಿರಲಿಲ್ಲ, ಅದರ ಸಿಎಂ/ಎಲ್ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆ. ಅಂಥ ಪರವಾನಗಿಯೇ ಸಿಗಲಿಲ್ಲ. ಐಎಸ್‌ಐ ಇಲ್ಲದ ಬೈಕ್ ಹೆಲ್ಮೆಟ್ ಮಾರುವುದು 2021ರ ಜೂನ್ 1ರಿಂದಲೇ ನಿಷಿದ್ಧ. ಆ್ಯಪಿನಲ್ಲಿ ನೋಡಲು ಎರಡು ನಿಮಿಷ ಸಾಕು. ಕೊಳ್ಳುವ ಮೊದಲು ನೋಡಬೇಕಿತ್ತು.

ಈಗ ಲೆಕ್ಕ. ವಿಮೆ ಕಳೆದು ಆಸ್ಪತ್ರೆಗೆ ಕೈಯಿಂದ ಕೊಟ್ಟದ್ದು 38,000. ಫಿಸಿಯೋಥೆರಪಿ 24 ಸಲ, ತಲಾ 500ರಂತೆ 12,000. ಕಾರು ಓಡಿಸಲು ಡ್ರೈವರ್ 36 ದಿನ, ದಿನಕ್ಕೆ 800ರಂತೆ 28,800. ಒಟ್ಟು 78,800. ಗಾಡಿಯ ರಿಪೇರಿ ಬೇರೆ, ಅದನ್ನು ಇಲ್ಲಿ ಸೇರಿಸುವುದಿಲ್ಲ, ಒಳ್ಳೆಯ ರೈಡಿಂಗ್ ಗೇರ್ ಹಾಕಿದ್ದರೆ ಫೆಂಡರ್ ಒಡೆಯುತ್ತಿರಲಿಲ್ಲ ಅನ್ನುವಂತಿಲ್ಲ. ಡಾಕ್ಟರು ಇನ್ನೊಂದು ಮಾತೂ ಹೇಳಿದರು: ಅಂಗೈ ಊರಿ ಬಿದ್ದರೆ ಮಣಿಕಟ್ಟು ಗಾರ್ಡ್ ಇದ್ದರೂ ಮುರಿಯಬಹುದಿತ್ತು, ಆದರೆ ಗಮ್‌ಬೂಟಿನ ಬದಲು ಗಟ್ಟಿ ಬೂಟಿದ್ದರೆ ಹರಡು ಉಳಿಯುತ್ತಿತ್ತು. ಹಾಗಾಗಿ ಅರ್ಧವನ್ನಷ್ಟೇ ಗೇರಿನ ಖಾತೆಗೆ ಹಾಕುತ್ತೇನೆ, 39,400.

ಸರಿಯಾದ ಗೇರಿಗೆ ನಾನು ವಿಚಾರಿಸಿದ ಬೆಲೆ ಹೀಗಿದೆ. ಆಫ್‌ರೋಡ್ ಹೆಲ್ಮೆಟ್ 5,200, ಗಾಗಲ್ಸ್ 1,900, ಗ್ಲೋವ್ಸ್ 2,300, ಎದೆ-ಬೆನ್ನಿನ ಆರ್ಮರ್ 7,800, ಮೊಣಕೈ-ಮೊಣಕಾಲಿಗೆ 4,600, ಬೂಟು 12,500. ಒಟ್ಟು 34,300. ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲಿಗೆ ಐದು ವರ್ಷ ಅಂತಿಟ್ಟುಕೊಂಡು ಎಲ್ಲಕ್ಕೂ ಅದೇ ಆಯಸ್ಸು ಕೊಟ್ಟರೆ ವರ್ಷಕ್ಕೆ 6,860. ನಾನು ಗಾಡಿ ಹತ್ತುವುದು ವರ್ಷಕ್ಕೆ ಹೆಚ್ಚುಕಡಿಮೆ 150 ದಿನ. ದಿನಕ್ಕೆ 46 ರೂಪಾಯಿ ಬಿತ್ತು. ಬೆಂಗಳೂರಿಗೆ ಹೋದಾಗ ಒಂದು ಕಪ್ ಕಾಫಿಗೆ, ಅದೂ ನಾವೇ ಬೆಳೆದ ಕಾಫಿಗೆ, ಇದರ ಮೂರರಷ್ಟು ಕೊಟ್ಟು ಬಂದಿದ್ದೇನೆ.

ಇಷ್ಟು ಬರೆದು, ಬೀಗುತ್ತಾ ಭಾಮೈದನಿಗೆ ಕಳಿಸಿದೆ. ಅವನು ಆಡಿಟರ್. ಸಂಜೆ ಫೋನ್ ಮಾಡಿದ. "ಭಾವ, ನಿಮ್ಮ ಲೆಕ್ಕದಲ್ಲಿ ಗೇರ್ ಗೆಲ್ಲೋದೇ ಕಷ್ಟ. ಕಿಟ್ಟಿಗಿಂತ ಹೆಚ್ಚಿಗೆ ಕೊಡೋದು 30,400, ಉಳಿಯೋದು 39,400. ಅಂದ್ರೆ ಐದು ವರ್ಷದಲ್ಲಿ ಹೀಗೆ ಬೀಳೋ ಸಾಧ್ಯತೆ ನೂರಕ್ಕೆ 77ಕ್ಕಿಂತ ಜಾಸ್ತಿ ಇದ್ರೆ ಮಾತ್ರ ಗೇರ್ ಲಾಭ. ಅಷ್ಟು ಕೆಟ್ಟದಾಗಿ ಓಡಿಸ್ತೀರಾ ನೀವು?"

ಅವನ ಭಾಗಾಕಾರ ಸರಿಯಿದೆ. ರಾತ್ರಿಯೆಲ್ಲ ಅದೇ ಕೊರೆಯಿತು. ಬೆಳಿಗ್ಗೆ ಆ ರೋಬಸ್ಟಾ ಗಿಡದ ಹತ್ತಿರ ಹೋದಾಗ ತಪ್ಪು ಎಲ್ಲಿದೆ ಅಂತ ಹೊಳೆಯಿತು. ಗಿಡ ಒಂದು ಕಡೆಗೆ ವಾಲಿದೆ, ಅಷ್ಟೇ. ಅದು ಅಲ್ಲಿರದಿದ್ದರೆ ಮುನ್ನೂರು ಕೇಜಿಯ ಗಾಡಿ ಇನ್ನೊಂದು ಸುತ್ತು ಉರುಳಿ ಎದೆಯ ಮೇಲೆ ಕೂರುತ್ತಿತ್ತು. ನಾನು ಕೂಡಿಸಿದ ಅಂಕಿಗಳೆಲ್ಲ ಅಗ್ಗದ ಅಪಘಾತದವು, ಆಮೇಲೆ ಕೂತು ಲೆಕ್ಕ ಹಾಕಲು ಬದುಕಿದ್ದವನು ಹಾಕಿದವು. ದುಬಾರಿ ಅಪಘಾತದ ಬಿಲ್ಲು ಬೇರೆಯವರ ಕೈಗೆ ಹೋಗುತ್ತದೆ. ಇನ್ನೊಂದು ಮಾತನ್ನೂ ಒಪ್ಪಬೇಕು: ಗಾಡಿ ಪೂರ್ತಿ ಮೇಲೆ ಬಿದ್ದರೆ 7,800 ರೂಪಾಯಿಯ ಆರ್ಮರ್ ಕೂಡ ಕಾಯುವುದಿಲ್ಲ. ಆಸ್ಟ್ರೇಲಿಯಾದ ರೈತರು ಹೀಗೆ ಅಡಿಗೆ ಸಿಕ್ಕು ಸತ್ತು ಸತ್ತು, 2021ರ ಅಕ್ಟೋಬರಿನಿಂದ ಅಲ್ಲಿ ಮಾರುವ ಹೊಸ ಕೆಲಸದ ಎಟಿವಿಗಳಿಗೆ ಸವಾರನನ್ನು ಕಾಯುವ ಕಮಾನು ಕಡ್ಡಾಯವಾಯಿತು. ನಮ್ಮ ಹಳೇ ಗಾಡಿಗಳಿಗೆ ಅದಿಲ್ಲ. ಇಲ್ಲಿ ಜೀವ ಕಾಯುವುದು 600 ರೂಪಾಯಿಯ ಕಡಿಮೆ ಒತ್ತಡದ ಗೇಜು, ರ‍್ಯಾಕಿನ ಮೇಲೆ ಒಂದೇ ಮೂಟೆ, ಹಿಂದೆ ಯಾರನ್ನೂ ಕೂರಿಸದಿರುವುದು.

ವಿಮೆಯ ವಿಷಯ ಬೇಗ ಮುಗಿಸುತ್ತೇನೆ. ನನ್ನ ಎಟಿವಿಯಂತೆ ಆರ್‌ಸಿ ಇಲ್ಲದ ಗಾಡಿಗೆ ಮೋಟಾರು ವಿಮೆ ಇಲ್ಲ, ಹಾಗಾಗಿ ಅದರ ಜೊತೆ ಬರುವ 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆಯೂ ಇಲ್ಲ. ತೋಟದ ಎರಡು ಭಾಗಗಳ ನಡುವೆ ಪಂಚಾಯಿತಿ ರಸ್ತೆ ಇದ್ದರೆ ಅದನ್ನು ದಾಟುವ ಅರ್ಧ ನಿಮಿಷವೂ ಕಾನೂನಿಗೆ ಹೊರಗೆ. ಆರೋಗ್ಯ ವಿಮೆಯವರು ಮೊದಲು "ಇದು ಸಾಹಸ ಕ್ರೀಡೆಯೇ?" ಅಂತ ಪತ್ರ ಬರೆದರು. ಅಲ್ಲಿ ಸಾಹಸವೂ ಇರಲಿಲ್ಲ, ಕ್ರೀಡೆಯೂ ಇರಲಿಲ್ಲ, ಎರಡು ಮೂಟೆ ಹಣ್ಣಿತ್ತು. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಏಕರೂಪಗೊಳಿಸಿದ ಷರತ್ತಿನಲ್ಲಿ ಚಿಕಿತ್ಸೆಗೆ ಹಣವಿಲ್ಲ ಎನ್ನುವುದು 'ವೃತ್ತಿಪರನಾಗಿ' ಅಂಥ ಕ್ರೀಡೆಯಲ್ಲಿ ತೊಡಗಿದವನಿಗೆ. ಆ ಒಂದು ಪದ ತೋರಿಸಿದ ಮೇಲೆ ಹಣ ಬಂತು. ಪ್ರತ್ಯೇಕ ಅಪಘಾತ ಪಾಲಿಸಿಗಳ ಮಾತು ಬೇರೆ, ನಿಮ್ಮ ಪಾಲಿಸಿಯನ್ನು ನೀವೇ ಓದಿಕೊಳ್ಳಿ.

ನಾನು ಹೇಳಬೇಕೆಂದದ್ದು ಒಂದೇ. ನನ್ನ ಬಳಿ ಹಣವಿರಲಿಲ್ಲ ಅಂತಲ್ಲ, ಖರ್ಚಿನ ಸರದಿ ತಪ್ಪಿತ್ತು. ನಮ್ಮ ಕಡೆ ಕಾಫಿ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಬಂದ ಕೂಡಲೇ ಕಣ್ಣಿಗೆ ಕಾಣುವುದಕ್ಕೆ ಹೋಗುತ್ತದೆ. ಮದುವೆ ಮನೆಯಲ್ಲಿ ಶಾಮಿಯಾನ, ಊಟ, ಸೀರೆ ಎಲ್ಲ ಮುಗಿದ ಮೇಲೆ ಅಡುಗೆ ಭಟ್ಟರ ದಕ್ಷಿಣೆಗೆ ಜೇಬು ತಡಕುತ್ತೇವಲ್ಲ, ಗೇರಿನ ಗತಿಯೂ ಹಾಗೆಯೇ. ಗಾಡಿಯ ಚೌಕಾಸಿಗೆ ಕೂರುವ ಮೊದಲೇ ಬೆಲೆಯ ಹತ್ತನೇ ಒಂದು ಪಾಲನ್ನು ಬೇರೆ ಎತ್ತಿಡಿ. ನನ್ನ 3.4 ಲಕ್ಷಕ್ಕೆ ಅದು 34,000 ಆಗುತ್ತಿತ್ತು, ಮೇಲೆ ಇನ್ನು ಮುನ್ನೂರು. ಬ್ರ್ಯಾಂಡಿಗಾಗಿ ಒದ್ದಾಡುವುದೂ ಬೇಡ. ಬೆಳಗಾವಿಯ ವೇಗಾದಂಥ ನಮ್ಮವರೇ ಆಫ್‌ರೋಡ್ ಹೆಲ್ಮೆಟ್ ಮಾಡುತ್ತಾರೆ. ಅಂಗಡಿಗೆ ಹೋಗಿ ಹಾಕಿಕೊಂಡು, ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಎಳೆಯುವಷ್ಟು ಬಿಗಿಯಿದ್ದರೆ ಅದು ನಿಮ್ಮ ಸೈಜು. ಬೂಟಿಗೆ ಮಾತ್ರ ಜಿಪುಣತನ ಬೇಡ.

ವಿಂಚನ್ನು ಹನ್ನೊಂದು ಸಾವಿರಕ್ಕೆ ಮಾರಿ ಬೂಟು ಕೊಂಡೆ. ಎಲ್‌ಇಡಿ ಬಾರನ್ನು ಯಾರೂ ಕೇಳಲಿಲ್ಲ. ಹೊಸ ಹೆಲ್ಮೆಟ್ ಬಂದ ದಿನ ನಮ್ಮ ತೋಟದ ಮೇಸ್ತ್ರಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಚೆನ್ನಾಗೈತೆ ಸಾಹುಕಾರ್ರೇ. ನಾನು ಓಡಿಸುವಾಗಲೂ ಇದನ್ನೇ ಹಾಕ್ಕೊಳ್ಳಾದಾ?" ಅಂದ.

ನನ್ನ 150 ದಿನದ ಲೆಕ್ಕದಲ್ಲಿ ಅವನಿರಲೇ ಇಲ್ಲ. ಕೊಯ್ಲಿನಲ್ಲಿ ಗಾಡಿ ನನಗಿಂತ ಹೆಚ್ಚು ಅವನ ಕೈಯಲ್ಲೇ ಇರುತ್ತದೆ. ಅವನು ಬಿದ್ದರೆ ಕಾನೂನಿನ ಪ್ರಕಾರ ಪರಿಹಾರ ಕೊಡಬೇಕಾದವನು ನಾನು. ಮನೆಯವಳ ಹೊಲಿಗೆ ಟೇಪು ತಂದು ಇಬ್ಬರ ತಲೆಯನ್ನೂ ಅಳೆದೆ. ನನ್ನದು 60 ಸೆಂಟಿಮೀಟರ್, ಅವನದು 56. ಒಂದೇ ಹೆಲ್ಮೆಟ್ಟಿನಲ್ಲಿ ಇಬ್ಬರೂ ಸುಧಾರಿಸಿಕೊಳ್ಳಬಹುದು ಅಂತ ಮನಸ್ಸಿನಲ್ಲಿ ಆಗಲೇ ಹಾಕಿದ್ದ ಲೆಕ್ಕ ಅಲ್ಲಿಗೆ ಕೆಟ್ಟಿತು.