ಸ್ಥಳೀಯ ಜಾಲದಲ್ಲಿ ಸಾಧನಗಳ ಪತ್ತೆ: ಪರೀಕ್ಷಾ ಟಿಪ್ಪಣಿ

ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಚೇರಿ ಇದೆ ಎಂದುಕೊಳ್ಳಿ. ಅಲ್ಲಿನ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿಗಳನ್ನು ಜೋಡಿಸುವ ಜಾಲವೇ ಲ್ಯಾನ್. ಅದರಲ್ಲಿ ಯಾವ ಸಾಧನಗಳಿವೆ ಎಂದು ತಿಳಿಯುವುದು ಹೇಗೆ?

ಮುಖ್ಯ ವಿಧಾನ ಎಆರ್‌ಪಿ (1982). ‘ಈ ಐಪಿ ವಿಳಾಸ ಯಾರದು?’ ಎಂಬ ಪ್ರಶ್ನೆ ಜಾಲದ ಎಲ್ಲ ಸಾಧನಗಳಿಗೂ ಹೋಗುತ್ತದೆ. ಆ ವಿಳಾಸದ ಸಾಧನ ಮಾತ್ರ ತನ್ನ ಮ್ಯಾಕ್ (ಯಂತ್ರಾಂಶ) ವಿಳಾಸ ತಿಳಿಸುತ್ತದೆ. ಐಪಿವಿ4 ವಿಳಾಸ 32 ಬಿಟ್, ಮ್ಯಾಕ್ ವಿಳಾಸ 48 ಬಿಟ್. ಅಭ್ಯರ್ಥಿಗಳು ಹೆಚ್ಚು ಎಡವುವುದು ಇಲ್ಲೇ: ಐಪಿಯಿಂದ ಮ್ಯಾಕ್ ಹುಡುಕುವುದು ಎಆರ್‌ಪಿ, ಐಪಿ ಹಂಚುವುದು ಡಿಎಚ್‌ಸಿಪಿ. ಐಪಿವಿ6ರಲ್ಲಿ ಎಆರ್‌ಪಿ ಇಲ್ಲ. ಆ ಕೆಲಸ ಎನ್‌ಡಿಪಿಯದು.

ಇನ್ನೊಂದು ವಿಧಾನ, ಮೈಕ್ ಮೂಸ್ 1983ರಲ್ಲಿ ಬರೆದ ‘ಪಿಂಗ್’. ಸಾಧನ ಉತ್ತರಿಸುತ್ತದೆಯೇ ಎಂದು ನೋಡಲು ಅದು ಐಸಿಎಂಪಿ ಸಂದೇಶ ಬಳಸುತ್ತದೆ. ಫೈರ್‌ವಾಲ್ ತಡೆದರೆ ಪಿಂಗ್‌ಗೆ ಉತ್ತರ ಬರದು. ಆದರೆ ಅದೇ ಸಾಧನ ಎಆರ್‌ಪಿಗೆ ಸಾಮಾನ್ಯವಾಗಿ ಉತ್ತರಿಸುತ್ತದೆ. ಹಾಗಾಗಿ ಲ್ಯಾನ್ ಒಳಗೆ ಎಆರ್‌ಪಿಯೇ ಹೆಚ್ಚು ನಂಬಲರ್ಹ. ರೌಟರ್ ದಾಟಿ ಮಾತ್ರ ಅದು ಹೋಗದು. ‘ಎನ್‌ಮ್ಯಾಪ್’ (1997) ಎಂಬ ತಂತ್ರಾಂಶ ಎಆರ್‌ಪಿ, ಐಸಿಎಂಪಿ ಎರಡನ್ನೂ ಬಳಸಬಲ್ಲದು.

ಹೀಗೆ ಹುಡುಕಬೇಕಾದ ವಿಳಾಸಗಳು ಎಷ್ಟು? /24 ಜಾಲದಲ್ಲಿ ಬಳಸಬಹುದಾದ ವಿಳಾಸಗಳು 256 ಅಲ್ಲ, 254. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ.