ಹಿಂದಿನ ಗಾಲಿಯ ದನಿ

ಕಾರಿನ ಹಿಂದಿನ ಗಾಲಿಯ ಹಬ್ ಅನ್ನು ಮನೆಯಂಗಳದಲ್ಲಿಯೇ ಬದಲಾಯಿಸುವುದು ಸಾಧ್ಯವೇ ಎಂದು ಪ್ರಶ್ನಿಸುವ ಮಿತ್ರರಿಗೆ ನನ್ನ ಉತ್ತರವಿಷ್ಟೆ: ಬಿಚ್ಚಿ ಜೋಡಿಸುವುದು ಕೈಯ ಶ್ರಮ, ಕೆಟ್ಟಿರುವುದು ಯಾವುದೆಂದು ನಿರ್ಣಯಿಸುವುದು ಕಿವಿಯ ಸಾಧನೆ, ಮತ್ತು ಅದೇ ದೀರ್ಘವಾದುದು.

ತುಮಕೂರಿನಿಂದ ಗುಬ್ಬಿಗೆ ಹೋಗುವಾಗ, ವೇಗವು ಏರಿದೊಡನೆ, ನನ್ನ ಗಾಡಿಯ ಹಿಂಭಾಗದಿಂದ ಗುಂಯ್ಯೆಂಬ ಏಕತಾನದ ಧ್ವನಿಯೊಂದು ಏಳುತ್ತಿತ್ತು. 1884ರಲ್ಲಿ ಹುಟ್ಟಿ ಮುಂದೆ ವೀರಣ್ಣನವರಿಂದ ನಾಡೆಲ್ಲ ಪ್ರಖ್ಯಾತವಾದ ನಾಟಕ ಕಂಪನಿಯ ಊರಾದ್ದರಿಂದಲೋ ಏನೋ, ಗುಬ್ಬಿಯ ವೃದ್ಧ ಮೆಕ್ಯಾನಿಕರೊಬ್ಬರು ಹಾರ್ಮೋನಿಯಮ್ಮಿನ ಶ್ರುತಿ ನೋಡುವವರಂತೆ ಕಣ್ಮುಚ್ಚಿ ಆಲಿಸಿ, “ಟೈರು ಸವೆದರೂ ಹೀಗೇ ಕೂಗುತ್ತೆ ಸ್ವಾಮಿ, ತಿರುವಿನಲ್ಲಿ ದನಿ ಏರುತ್ತದೋ ನೋಡಿಕೊಳ್ಳಿ” ಎಂದರು. ಎಡಕ್ಕೆ ತಿರುಗುವಾಗ ಭಾರವು ಬಲಗಡೆಯ ಗಾಲಿಗಳ ಮೇಲೆ ಬೀಳುವುದರಿಂದ, ಆ ಕಡೆಯ ಬೇರಿಂಗು ಸವೆದಿದ್ದರೆ ಅದರ ಆರ್ತನಾದವು ಹೆಚ್ಚುವುದು. ಟೈರಿನ ಸದ್ದಾದರೋ ರಸ್ತೆಯ ಒರಟು ನುಣುಪುಗಳನ್ನು ಅನುಸರಿಸುವುದು. ಕುದುರೆ ಫಾರಮ್ಮಿಗೆ ಹೆಸರಾದ ಕುಣಿಗಲಿನ ಹಾದಿಯ ತಿರುವುಗಳಲ್ಲಿ ದೋಷವು ಬಲಗಡೆಯದೆಂದು ತೋರಿತು. ಮನೆಯಲ್ಲಿ ಗಾಲಿಯನ್ನೆತ್ತಿ, ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದನ್ನು ಸ್ಪ್ರಿಂಗಿನ ಮೇಲಿಟ್ಟಾಗ ಬೆರಳಿಗೆ ತಾಗಿದ ಕಂಪನವು ಸಂಶಯವನ್ನು ನಿವಾರಿಸಿತು.

ಹ್ಯಾಂಡ್‌ಬ್ರೇಕು ಎಳೆದಿದ್ದರೆ ಹಬ್ಬನ್ನು ಮುಚ್ಚಿರುವ ಬ್ರೇಕ್ ಡ್ರಮ್ಮು ಹೊರಬಾರದು. ಬಿಟ್ಟರೆ ಗಾಡಿಗೆ ಹಿಡಿತವಿಲ್ಲ. ಆದಕಾರಣ ಮುಂದಿನ ಗಾಲಿಗಳ ಎರಡೂ ಬದಿಗೆ ಮರದ ತುಂಡುಗಳನ್ನಿಟ್ಟು, ಗೇರಿನಲ್ಲಿ ನಿಲ್ಲಿಸಿ, ಜಾಕನ್ನು ಮಾತ್ರ ನಂಬದೆ ಸ್ಟ್ಯಾಂಡಿನ ಮೇಲೆ ಭಾರವನ್ನಿಳಿಸತಕ್ಕದ್ದು. ತುಕ್ಕಿನಿಂದ ಅಂಟಿದ ಡ್ರಮ್ಮನ್ನು ಸುತ್ತಿಗೆಯಿಂದ ದಂಡಿಸಬೇಕಾಗಿಲ್ಲ. ಅನೇಕ ಡ್ರಮ್ಮುಗಳ ಮುಖದಲ್ಲಿ ಥ್ರೆಡ್ಡುಳ್ಳ ಎರಡು ರಂಧ್ರಗಳಿದ್ದು, ಅವಕ್ಕೆ ಬೋಲ್ಟುಗಳನ್ನು ಹಾಕಿ ಸರದಿಯಂತೆ ಬಿಗಿಯುತ್ತ ಹೋದರೆ ಅದು ತಾನಾಗಿ ಮುಂದೆ ಸರಿಯುವುದು. ಈ ಮುಂದಾಲೋಚನೆಯ ಶಿಲ್ಪಿ ಯಾರೋ, ಅವರಿಗೆ ನಮಸ್ಕಾರ.

ಕೆಲವು ಗಾಡಿಗಳಲ್ಲಿ ಬೇರಿಂಗನ್ನು ಡ್ರಮ್ಮಿನೊಳಗೇ ಒತ್ತಿ ಕೂರಿಸಿರುತ್ತಾರೆ. ಅದಕ್ಕೆ ಪ್ರೆಸ್ ಬೇಕಾಗುವುದರಿಂದ ಲೇತ್ ಅಂಗಡಿಗೆ ಒಯ್ಯುವುದು ಕ್ಷೇಮ. ನನ್ನದರಲ್ಲಿ ಹಬ್ ಮತ್ತು ಬೇರಿಂಗು ಒಂದೇ ಅಂಗವಾಗಿ ನಾಲ್ಕು ಬೋಲ್ಟುಗಳಿಂದ ಆಕ್ಸಲಿಗೆ ಬಂಧಿತವಾಗಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟಿದ್ದುದರಿಂದ ಮೂರು ಸೌಮ್ಯವಾಗಿ ಬಂದವು. ನಾಲ್ಕನೆಯದು ಮಧ್ಯಾಹ್ನದ ಊಟವನ್ನು ಮುಂದೂಡಿಸಿತು.

ಹೊಸ ಹಬ್ಬನ್ನು ಕೂರಿಸಿದ ಮೇಲೆ ಬೋಲ್ಟುಗಳನ್ನು ಬಿಗಿಯುವ ಪ್ರಮಾಣವು ಆಯಾ ಗಾಡಿಯ ಕೈಪಿಡಿಯಲ್ಲಿರುವುದು. ತೋಳ್ಬಲವನ್ನು ಅಳತೆಗೋಲಾಗಿ ಮಾಡಿಕೊಳ್ಳುವ ಶೂರರನ್ನು ಬಿಟ್ಟು ಉಳಿದವರು ಟಾರ್ಕ್ ರೆಂಚೊಂದನ್ನು ಎರವಲಾದರೂ ತರಬೇಕು. ಗಾಲಿಯ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕೆಂಬ ನಿಯಮವನ್ನನುಸರಿಸಿ, ಸಿದ್ಧಗಂಗೆಯವರೆಗೆ ಹೋಗಿ ಅಲ್ಲಿಯೇ ಮರದ ನೆರಳಿನಲ್ಲಿ ರೆಂಚನ್ನು ಹಾಕಿದೆ. ಒಂದು ನಟ್ಟು ಕಾಲು ಸುತ್ತು ತಿರುಗಿತು.